ಹಳೆಯ ಕೈಗಡಿಯಾರ: ಹೊಳಪು ಮಾಸಿದರೂ ರೇಡಿಯಂ ಮಾಸದು

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಭಾಗದಲ್ಲಿಯೂ ಕತ್ತಲಲ್ಲಿ ಹೊಳೆಯುವುದನ್ನೆಲ್ಲ ‘ರೇಡಿಯಂ’ ಎನ್ನುವ ರೂಢಿಯಿದೆ. ಹಿರಿಯರ ಕೈಗಡಿಯಾರಗಳ ಮಟ್ಟಿಗೆ ಈ ಹೆಸರು ಕೆಲವೊಮ್ಮೆ ಅಕ್ಷರಶಃ ನಿಜ.

1898ರಲ್ಲಿ ಕ್ಯೂರಿ ದಂಪತಿ ಪತ್ತೆಹಚ್ಚಿದ ರೇಡಿಯಂ ಅನ್ನು ಸತುವಿನ ಸಲ್ಫೈಡ್‌ನೊಂದಿಗೆ ಬೆರೆಸಿ ಅಂಕಿ, ಮುಳ್ಳುಗಳಿಗೆ ಬಳಿಯಲಾಗುತ್ತಿತ್ತು. ರೇಡಿಯಂನ ವಿಕಿರಣ ತಾಗಿದಾಗ ಸಲ್ಫೈಡ್ ಬೆಳಗುತ್ತದೆ. ಅದೇ ವಿಕಿರಣ ಸಲ್ಫೈಡ್‌ನ ಹರಳುಗಳನ್ನು ಕೆಡಿಸುವುದರಿಂದ ಕೆಲವು ದಶಕಗಳಲ್ಲಿ ಹೊಳಪು ನಂದುತ್ತದೆ. ಬಣ್ಣ ಕಂದುಗಟ್ಟಿ ಪುಡಿಯಾಗುತ್ತದೆ. ಆದರೆ ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ. ಬೆಳಕು ಆರಿದರೂ ವಿಕಿರಣ ಉಳಿದಿರುತ್ತದೆ.

ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಸಹಯೋಗದಿಂದ ಎಚ್‌ಎಂಟಿ ಗಡಿಯಾರ ತಯಾರಿಕೆ ಆರಂಭವಾದ 1961ರ ಹೊತ್ತಿಗೆ ವಿದೇಶಗಳಲ್ಲಿ ರೇಡಿಯಂ ಬಳಕೆ ಹಿಂದೆ ಸರಿಯತೊಡಗಿತ್ತು. ಅದರ ಸ್ಥಾನಕ್ಕೆ ಬಂದ ಟ್ರಿಟಿಯಂನ ಅರ್ಧಾಯುಷ್ಯ ಕೇವಲ 12.3 ವರ್ಷ, 25 ವರ್ಷಗಳಲ್ಲಿ ಕಾಲು ಭಾಗವಷ್ಟೇ ಉಳಿಯುತ್ತದೆ. ಸ್ವಿಸ್ ಗಡಿಯಾರಗಳಲ್ಲಿ ‘ಟಿ’ ಅಕ್ಷರ ಇದರ ಗುರುತು. 1990ರ ದಶಕದಲ್ಲಿ ಬಂದ ಸ್ಟ್ರಾನ್ಷಿಯಂ ಅಲ್ಯೂಮಿನೇಟ್‌ಗೆ ವಿಕಿರಣವಿಲ್ಲ. ಬೆಳಕು ಹೀರಿ ಹೊಳೆಯುತ್ತದೆ.

ಹೀಗಾಗಿ ಹೆಚ್ಚಿನ ಎಚ್ಚರ ಬೇಕಾದುದು 1960ಕ್ಕಿಂತ ಹಿಂದಿನ ವಿದೇಶಿ ಗಡಿಯಾರಗಳ ವಿಷಯದಲ್ಲಿ. ಅಮೆರಿಕದಲ್ಲಿ ಕುಂಚದ ತುದಿಯನ್ನು ತುಟಿಯಿಂದ ಚೂಪುಮಾಡುತ್ತಿದ್ದ ಕಾರ್ಮಿಕ ಮಹಿಳೆಯರು 1920ರ ದಶಕದಲ್ಲಿ ರೇಡಿಯಂ ದೇಹ ಸೇರಿ ಮೃತಪಟ್ಟರು. ಮುಚ್ಚಿದ ಗಡಿಯಾರಕ್ಕಿಂತ ಉದುರಿದ ಪುಡಿಯೇ ಹೆಚ್ಚು ಅಪಾಯಕಾರಿ. ಅಂತಹ ಗಡಿಯಾರವನ್ನು ಮನೆಯಲ್ಲಿ ತೆರೆಯಬಾರದು, ಬಣ್ಣ ಕೆರೆಯಬಾರದು, ಊದಬಾರದು. ದುರಸ್ತಿಗೆ ಕೊಡುವಾಗ ಈ ಸಂದೇಹವನ್ನು ಮೊದಲೇ ತಿಳಿಸುವುದು ಕ್ಷೇಮ.