ಪವರ್ ಸ್ಟೀರಿಂಗ್ ಹೋಸ್

ಪವರ್ ಸ್ಟೀರಿಂಗ್ ಹೋಸ್ ಎಂಬುದು ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಹೊಂದಿರುವ ವಾಹನಗಳಲ್ಲಿ ಪಂಪು ಮತ್ತು ಸ್ಟೀರಿಂಗ್ ಗೇರ್‌ಬಾಕ್ಸ್‌ಗಳ ನಡುವೆ ತೈಲವನ್ನು ಒಯ್ಯುವ ಕೊಳವೆ. ಒಂದು ವಾಹನದಲ್ಲಿ ಮುಖ್ಯವಾಗಿ ಎರಡು ಬಗೆಯ ಕೊಳವೆಗಳಿರುತ್ತವೆ. ಪಂಪಿನಿಂದ ಗೇರ್‌ಬಾಕ್ಸ್‌ಗೆ ಹೋಗುವುದು ಅಧಿಕ ಒತ್ತಡದ ಕೊಳವೆ. ಅಲ್ಲಿಂದ ತೈಲದ ಡಬ್ಬಿಗೆ ಮರಳುವುದು ಕಡಿಮೆ ಒತ್ತಡದ ಕೊಳವೆ. ಹೊರನೋಟಕ್ಕೆ ಎರಡೂ ಕಪ್ಪು ರಬ್ಬರಿನ ಪೈಪುಗಳೇ ಆಗಿದ್ದರೂ ಅವುಗಳ ರಚನೆ ಮತ್ತು ದುರಸ್ತಿಯ ವಿಧಾನ ಬೇರೆ ಬೇರೆ. ಹಳೆಯ ವಾಹನಗಳಲ್ಲಿ ಈ ವ್ಯತ್ಯಾಸವನ್ನು ಗಮನಿಸದೆ ಮಾಡಿದ ದುರಸ್ತಿಯು ಮತ್ತೆ ಸೋರಿಕೆಗೂ, ಕೆಲವೊಮ್ಮೆ ಎಂಜಿನ್ ಭಾಗದ ಬೆಂಕಿಗೂ ಕಾರಣವಾಗುತ್ತದೆ.

ಹಿನ್ನೆಲೆ

1920ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ ಹೈಡ್ರಾಲಿಕ್ ಪವರ್ ಸ್ಟೀರಿಂಗನ್ನು ಅಭಿವೃದ್ಧಿಪಡಿಸಿದರು. 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರಿನ ಮೂಲಕ ಅದು ಸಾರ್ವಜನಿಕರ ಕಾರುಗಳಿಗೆ ಬಂದಿತು. ಕರ್ನಾಟಕದಲ್ಲಿ ಇದಕ್ಕೆ ಪರಿಚಿತ ಉದಾಹರಣೆಗಳು ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾದ, 2000ರಲ್ಲಿ ಮಾರುಕಟ್ಟೆಗೆ ಬಂದ ಕ್ವಾಲಿಸ್‌ನ ಪವರ್ ಸ್ಟೀರಿಂಗ್ ಮಾದರಿಗಳು ಮತ್ತು 2005ರಲ್ಲಿ ಅದರ ಸ್ಥಾನಕ್ಕೆ ಬಂದ ಇನ್ನೋವಾ. ಇತ್ತೀಚಿನ ಸಣ್ಣ ಕಾರುಗಳಲ್ಲಿ ವಿದ್ಯುತ್ ಮೋಟಾರಿನ ಸ್ಟೀರಿಂಗ್ ಇರುವುದರಿಂದ ಅವುಗಳಿಗೆ ತೈಲವೂ ಇಲ್ಲ, ಹೋಸೂ ಇಲ್ಲ. ಆದ್ದರಿಂದ ಇದು ಈಗ ಬಹುಮಟ್ಟಿಗೆ ಹಳೆಯ ಮತ್ತು ಭಾರವಾದ ವಾಹನಗಳ ಸಮಸ್ಯೆಯಾಗಿ ಉಳಿದಿದೆ.

ರಚನೆ

ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ತೈಲವನ್ನು ಒತ್ತಡದಿಂದ ತಳ್ಳುತ್ತದೆ. ವಾಹನ ನೇರವಾಗಿ ಸಾಗುವಾಗ ಒತ್ತಡ ಕಡಿಮೆ. ನಿಂತಲ್ಲೇ ಚಕ್ರವನ್ನು ಪೂರ್ತಿ ತಿರುಗಿಸಿದಾಗ ಅದು ಸಾಮಾನ್ಯವಾಗಿ 70ರಿಂದ 100 ಬಾರ್‌ವರೆಗೆ ಏರುತ್ತದೆ. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡ ಸುಮಾರು 2.2 ಬಾರ್ ಮಾತ್ರ ಎಂಬುದನ್ನು ನೆನೆದರೆ ಈ ಕೊಳವೆಯ ಮೇಲಿನ ಹೊರೆ ಅರ್ಥವಾಗುತ್ತದೆ.

ಅಧಿಕ ಒತ್ತಡದ ಹೋಸಿನಲ್ಲಿ ತೈಲನಿರೋಧಕ ಕೃತಕ ರಬ್ಬರಿನ ಒಳಪದರ, ಅದರ ಸುತ್ತ ಹೆಣೆದ ನೂಲಿನ ಪದರಗಳು ಮತ್ತು ಹೊರಕವಚ ಇರುತ್ತವೆ. ಇದರ ತುದಿಗಳಿಗೆ ಉಕ್ಕಿನ ನಳಿಕೆಗಳನ್ನು ಲೋಹದ ಬಳೆಯಿಂದ ಯಂತ್ರದಲ್ಲಿ ಒತ್ತಿ ಬಿಗಿದಿರುತ್ತಾರೆ. ಕೊಳವೆಯು ಒತ್ತಡಕ್ಕೆ ತಕ್ಕಂತೆ ಕೊಂಚ ಹಿಗ್ಗುವುದು ದೋಷವಲ್ಲ. ಪಂಪಿನಿಂದ ಬರುವ ಮಿಡಿತವನ್ನು ಅದು ಹೀರಿಕೊಳ್ಳಬೇಕೆಂದೇ ಹಾಗೆ ವಿನ್ಯಾಸಗೊಳಿಸಲಾಗಿದೆ. ಮರಳುವ ಹೋಸ್ ಇದಕ್ಕಿಂತ ಸರಳವಾಗಿದ್ದು, ಸಾಮಾನ್ಯವಾಗಿ ಕ್ಲಿಪ್ಪಿನಿಂದಲೇ ಹಿಡಿದಿರುತ್ತದೆ.

ಹದಗೆಡುವ ಬಗೆ

ರಬ್ಬರಿನ ದೊಡ್ಡ ಶತ್ರು ಬಿಸಿ. ವಿಜಯಪುರ ಜಿಲ್ಲೆಯ ಸಿಂದಗಿ, ಇಂಡಿ, ಮುದ್ದೇಬಿಹಾಳದಂತಹ ಬಯಲು ತಾಲೂಕುಗಳಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬಾನೆಟ್ಟಿನ ಕೆಳಗಿನ ಬಿಸಿ ಅದಕ್ಕಿಂತ ಎಷ್ಟೋ ಹೆಚ್ಚು. ವರ್ಷಗಳು ಕಳೆದಂತೆ ರಬ್ಬರು ಗಡುಸಾಗಿ ಬಿರಿಯುತ್ತದೆ. ಸೋರಿಕೆ ಬಹುತೇಕ ಮೊದಲು ಕಾಣುವುದು ಲೋಹದ ಬಳೆಯ ಅಂಚಿನಲ್ಲಿ. ಎರೆಭೂಮಿಯ ಧೂಳು ಅಲ್ಲಿನ ತೈಲಕ್ಕೆ ಅಂಟಿ ಕಪ್ಪು ಹೊದಿಕೆಯಾಗುವುದರಿಂದ ಮೂಲ ಸ್ಥಳ ಮರೆಯಾಗುತ್ತದೆ. ಪರೀಕ್ಷೆಗೆ ಮುನ್ನ ಆ ಭಾಗವನ್ನು ತೊಳೆದು ಒರೆಸುವುದು ಅಗತ್ಯ.

ಡಬ್ಬಿಯಲ್ಲಿ ತೈಲ ಇಳಿಯುವುದು, ತಿರುವಿನಲ್ಲಿ ನರಳುವಂತಹ ಸದ್ದು, ಸ್ಟೀರಿಂಗ್ ಗಡುಸಾಗುವುದು ಮುಖ್ಯ ಲಕ್ಷಣಗಳು. ಹೋಸ್ ಒಡೆದರೂ ಚಕ್ರಗಳೊಂದಿಗಿನ ಯಾಂತ್ರಿಕ ಸಂಪರ್ಕ ಕಡಿಯುವುದಿಲ್ಲ. ವಾಹನವನ್ನು ತಿರುಗಿಸಬಹುದು, ಆದರೆ ಹೆಚ್ಚು ಬಲ ಬೇಕು. ಬಿಸಿಯಾದ ಸೈಲೆನ್ಸರ್ ಪೈಪಿನ ಮೇಲೆ ತೈಲ ಚಿಮ್ಮಿದರೆ ಬೆಂಕಿ ಹೊತ್ತಬಹುದು. ಎಂಜಿನ್ ಚಾಲನೆಯಲ್ಲಿರುವಾಗ ಸೋರಿಕೆಯನ್ನು ಬರಿಗೈಯಿಂದ ಹುಡುಕಬಾರದು: ಸೂಕ್ಷ್ಮ ರಂಧ್ರದಿಂದ ಹೊಮ್ಮುವ ತೈಲ ಚರ್ಮವನ್ನು ತೂರಿ ಒಳಹೋಗಬಲ್ಲದು. ರಟ್ಟಿನ ತುಂಡು ಹಿಡಿದು ನೋಡುವುದು ಸುರಕ್ಷಿತ.

ಬದಲಾಯಿಸುವ ಕ್ರಮ

ಎಂಜಿನ್ ತಣಿದ ನಂತರ ಮುಂಭಾಗವನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಲಾಗುತ್ತದೆ. ಜಾಕ್ ಒಂದನ್ನೇ ನಂಬಿ ಕೆಳಗೆ ಹೋಗುವಂತಿಲ್ಲ. ಡಬ್ಬಿಯ ತೈಲವನ್ನು ಹೊರತೆಗೆದು, ಹಳೆಯ ಹೋಸ್ ಸಾಗಿದ ದಾರಿಯನ್ನೂ ಅದನ್ನು ಹಿಡಿದಿರುವ ಪಟ್ಟಿಗಳನ್ನೂ ಗುರುತಿಟ್ಟುಕೊಳ್ಳುತ್ತಾರೆ. ಈ ಹೆಜ್ಜೆಯನ್ನು ಅವಸರದಲ್ಲಿ ಬಿಡುವವರೇ ಹೆಚ್ಚು. ಆಮೇಲೆ ಹೊಸ ಹೋಸ್ ಬೆಲ್ಟಿಗೋ ಬಿಸಿ ಪೈಪಿಗೋ ತಾಗಿ ಸವೆಯುತ್ತದೆ.

ಹಳೆಯ ನಟ್ಟುಗಳು ತುಕ್ಕು ಹಿಡಿದು ಅಂಟಿಕೊಂಡಿರುತ್ತವೆ. ಬಾಯ್ತೆರೆದ ಸಾಧಾರಣ ಪಾನಾ ಅವುಗಳ ಮೂಲೆಗಳನ್ನು ಉರುಟಾಗಿಸುತ್ತದೆ. ಪೈಪಿನ ನಟ್ಟನ್ನು ಸುತ್ತಲೂ ಹಿಡಿಯುವ ವಿಶೇಷ ಪಾನಾ ಬಳಸುವುದು ವಾಡಿಕೆ. ಬಿಚ್ಚಿದ ತುದಿಗಳಿಗೆ ಕೂಡಲೇ ಮುಚ್ಚಳ ಹಾಕಬೇಕು, ಒಂದು ಕಣ ಮರಳೂ ಕವಾಟಗಳನ್ನು ಗೀರಬಲ್ಲದು. ಜೋಡಣೆಯಲ್ಲಿ ತಾಮ್ರ ಅಥವಾ ಅಲ್ಯೂಮಿನಿಯಂ ವಾಷರುಗಳನ್ನೂ ಓ-ರಿಂಗುಗಳನ್ನೂ ಹೊಸದಾಗಿಯೇ ಹಾಕಬೇಕು. ನಟ್ಟನ್ನು ಮೊದಲು ಕೈಯಿಂದ ಕೂರಿಸಿ, ಬಳಿಕ ತಯಾರಕರ ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ತರಲಾಗುತ್ತದೆ.

ತೈಲವೂ ಕೈಪಿಡಿ ಸೂಚಿಸಿದ ಬಗೆಯದೇ ಆಗಿರಬೇಕು. ಡೆಕ್ಸ್ರಾನ್ ದರ್ಜೆಯ ತೈಲವನ್ನು ಬಳಸುವ ವಾಹನಗಳು ಅನೇಕ. ಬ್ರೇಕ್ ಆಯಿಲನ್ನು ಎಂದಿಗೂ ಹಾಕಬಾರದು, ಅದು ಸೀಲುಗಳನ್ನು ಹಾಳುಗೆಡವುತ್ತದೆ. ತುಂಬಿದ ಮೇಲೆ ಚಕ್ರಗಳು ನೆಲಕ್ಕೆ ತಾಗದಿರುವಾಗ, ಎಂಜಿನ್ ಆರಿಸಿಯೇ ಸ್ಟೀರಿಂಗನ್ನು ಎರಡೂ ಬದಿಗೆ ಹತ್ತಿಪ್ಪತ್ತು ಸಲ ನಿಧಾನವಾಗಿ ತಿರುಗಿಸಿ, ನಡುನಡುವೆ ತೈಲ ಸುರಿದು ಗಾಳಿಯನ್ನು ಹೊರಹಾಕಲಾಗುತ್ತದೆ. ನಂತರ ಎಂಜಿನ್ ಚಾಲೂ ಮಾಡಿ ಇದನ್ನೇ ಪುನರಾವರ್ತಿಸುತ್ತಾರೆ. ತೈಲದಲ್ಲಿ ನೊರೆ ಕಂಡರೆ ಗಾಳಿ ಉಳಿದಿದೆ ಎಂದರ್ಥ. ಸ್ಟೀರಿಂಗನ್ನು ಕೊನೆಯ ಅಂಚಿನಲ್ಲಿ ಕೆಲವೇ ಸೆಕೆಂಡುಗಳಿಗಿಂತ ಹೆಚ್ಚು ಹಿಡಿದರೆ ಪಂಪು ಅತಿಯಾಗಿ ಕಾಯುತ್ತದೆ.

ತಾತ್ಕಾಲಿಕ ದುರಸ್ತಿ

ಹಳೆಯ ಮಾದರಿಯ ಮೂಲ ಬಿಡಿಭಾಗ ತಾಲೂಕು ಕೇಂದ್ರಗಳಲ್ಲಿ ತಕ್ಷಣ ಸಿಗದಿರಬಹುದು. ಆಗ ಸೋರುವ ಜಾಗವನ್ನು ಕತ್ತರಿಸಿ, ನಡುವೆ ಲೋಹದ ತುಂಡು ಸೇರಿಸಿ, ಎರಡೂ ಬದಿಗೆ ಕ್ಲಿಪ್ ಬಿಗಿಯುವುದುಂಟು. ಮರಳುವ ಹೋಸಿನಲ್ಲಿ ಇದು ಊರು ಮುಟ್ಟುವಷ್ಟು ಕಾಲ ನಿಲ್ಲಬಹುದು. ಒತ್ತಡದ ಹೋಸಿನಲ್ಲಿ ನಿಲ್ಲದು. ಮೊದಲ ಗಟ್ಟಿ ತಿರುವಿಗೇ ಕ್ಲಿಪ್ ಕಿತ್ತು ಬರಬಹುದು. ಮರಳುವ ಕೊಳವೆಗೆ ರೇಡಿಯೇಟರಿನ ನೀರಿನ ಪೈಪನ್ನು ಹಾಕುವುದೂ ತಪ್ಪು, ಅದರ ರಬ್ಬರು ತೈಲದಲ್ಲಿ ಉಬ್ಬಿ ಮೆದುವಾಗುತ್ತದೆ.

ಟ್ರ್ಯಾಕ್ಟರು ಮತ್ತು ಮಣ್ಣು ಅಗೆಯುವ ಯಂತ್ರಗಳಿಗೆ ಹೈಡ್ರಾಲಿಕ್ ಪೈಪು ಒತ್ತಿಕೊಡುವ ಅಂಗಡಿಗಳಲ್ಲಿ ಹಳೆಯ ಉಕ್ಕಿನ ತುದಿಗಳನ್ನೇ ಉಳಿಸಿಕೊಂಡು ಹೊಸ ಹೋಸ್ ಕೂರಿಸುವುದು ಇನ್ನೊಂದು ಮಾರ್ಗ. ಕೆಲಸ ಸರಿಯಾದರೆ ಇದು ಬಾಳಿಕೆ ಬರುತ್ತದೆ. ಆದರೆ ಪೈಪು ತಡೆಯುವ ಒತ್ತಡವನ್ನಷ್ಟೇ ಅಲ್ಲದೆ ಅದರ ಉಷ್ಣ ಮಿತಿಯನ್ನೂ ವಿಚಾರಿಸಬೇಕು. ಉಕ್ಕಿನ ತಂತಿ ಹೆಣೆದ ಪೈಪು ಹಿಗ್ಗದ ಕಾರಣ ಸ್ಟೀರಿಂಗಿನಲ್ಲಿ ಗುಂಯ್‌ಗುಡುವ ಸದ್ದು ಹುಟ್ಟುವುದುಂಟು.

ತೈಲ ಪೂರ್ತಿ ಖಾಲಿಯಾದ ವಾಹನವನ್ನು ಸಿಂದಗಿಯಿಂದ ವಿಜಯಪುರದವರೆಗಿನ ಸುಮಾರು 60 ಕಿ.ಮೀ.ನಂತಹ ದೂರಕ್ಕೆ ಹಾಗೆಯೇ ಓಡಿಸಿದರೆ ಒಣಗಿದ ಪಂಪು ಕಚ್ಚಿಕೊಳ್ಳುವ ಸಂಭವವಿದೆ. ಪಂಪಿಗೆ ಪ್ರತ್ಯೇಕ ಬೆಲ್ಟ್ ಇದ್ದರೆ ಅದನ್ನು ಕಳಚಿ ನಿಧಾನವಾಗಿ ಸಾಗಬಹುದು. ಒಂದೇ ಬೆಲ್ಟು ನೀರಿನ ಪಂಪು ಮತ್ತು ಆಲ್ಟರ್ನೇಟರನ್ನೂ ತಿರುಗಿಸುತ್ತಿದ್ದರೆ ಆ ಉಪಾಯ ಸಾಧ್ಯವಿಲ್ಲ. ವಾಹನವನ್ನು ಎಳೆಸಿಕೊಂಡೇ ಹೋಗಬೇಕು.

ಹೊರತೆಗೆದ ಹಳೆಯ ತೈಲವನ್ನು ಚರಂಡಿಗೋ ಹೊಲದ ಬದುವಿಗೋ ಚೆಲ್ಲುವಂತಿಲ್ಲ. ಬಳಸಿದ ತೈಲವು ಭಾರತದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಸೇರುತ್ತದೆ. ಅದನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸಬೇಕು.