ಮುಪ್ಪಾದ ಮಾರುತಿಗೆ ಮೇಸ್ತ್ರಿಯೇ ದಿಕ್ಕು

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಇಂಡಿಯನ್ ಏರ್‌ಲೈನ್ಸ್‌ನ ನೌಕರರೊಬ್ಬರ ಕೈಗೆ ಪುಟ್ಟ ಬಿಳಿ ಕಾರೊಂದರ ಕೀಲಿ ಕೊಟ್ಟರು. ಅದರ ನೋಂದಣಿ ಸಂಖ್ಯೆ ಡಿಐಎ 6479. ಜಪಾನಿನ ಸುಜುಕಿ ಕಂಪನಿಯ ನೆರವಿನಿಂದ ಗುರುಗಾಂವ್‌ನ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ ಮೊದಲ ಮಾರುತಿ 800 ಅದು. ಮೂರು ಸಿಲಿಂಡರ್, 796 ಸಿಸಿ ಎಂಜಿನ್, ಹಿಂಬದಿಗೆ ಮೇಲೆತ್ತುವ ಬಾಗಿಲು. ಮಧ್ಯಮ ವರ್ಗದ ಮನೆಯಂಗಳಕ್ಕೆ ಈ ಕಾರು ಹೇಗೆ ಬಂತೆಂಬ ಕತೆಯನ್ನು ಬಹಳ ಮಂದಿ ಹೇಳಿದ್ದಾರೆ. ಅದು ಹಳತಾದ ಮೇಲೆ ಅದನ್ನು ಓಡಿಸಿಕೊಂಡು ಬಂದವರು ಯಾರು, ಹೇಗೆ ಎಂಬ ಕತೆ ಮಾತ್ರ ಗ್ಯಾರೇಜಿನ ಎಣ್ಣೆ ಮಸಿಯಲ್ಲೇ ಉಳಿದಿದೆ.

ಅದಕ್ಕೆ ಮೊದಲು ನಮ್ಮ ರಸ್ತೆಗಳಲ್ಲಿ ಮುಖ್ಯವಾಗಿ ಇದ್ದದ್ದು ಅಂಬಾಸಡರ್ ಮತ್ತು ಫಿಯಟ್. ಎರಡೂ ಐವತ್ತರ ದಶಕದ ಯುರೋಪಿನ ವಿನ್ಯಾಸಗಳು. ದಶಕಗಳು ಕಳೆದರೂ ಒಳಗಿನ ಹೂರಣ ಹೆಚ್ಚು ಬದಲಾಗಲಿಲ್ಲ. ಇದರಿಂದ ಗ್ರಾಹಕನಿಗೆ ಬೇಸರವಾಗಿರಬಹುದು, ಮೇಸ್ತ್ರಿಗೆ ಅನುಕೂಲವೇ ಆಯಿತು. ತಂದೆ ಕಲಿತದ್ದನ್ನು ಮಗನೂ ಹಾಗೆಯೇ ಮಾಡಬಹುದಿತ್ತು. ಬಿಡಿಭಾಗ ಸಿಗದಿದ್ದರೆ ಸವೆದ ಬುಷ್ಷನ್ನು ಲೇಥಿನಲ್ಲಿ ಕಡೆಸುತ್ತಿದ್ದರು, ಹಾಳೆ ತಂದು ಗ್ಯಾಸ್ಕೆಟ್ ಕತ್ತರಿಸುತ್ತಿದ್ದರು, ಮುರಿದದ್ದನ್ನು ಬೆಸೆಯುತ್ತಿದ್ದರು. ಬ್ಯಾಟರಿ ಕೈಕೊಟ್ಟರೆ ಮುಂದಿನಿಂದ ಹ್ಯಾಂಡಲ್ ಹೊಡೆದು ಎಂಜಿನ್ ಎಬ್ಬಿಸಬಹುದಿತ್ತು. ಪ್ಲಗ್ಗು ಹೋದರೆ ಅಂಗಡಿಯಲ್ಲಿ ಕೇಳುತ್ತಿದ್ದದ್ದು ‘ಮೈಕೊ’ ಎಂದೇ. 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಆ ಕಂಪನಿಯ ಹೆಸರು ದೇಶದ ಮೆಕ್ಯಾನಿಕ್‌ಗಳ ಬಾಯಲ್ಲಿ ಅಷ್ಟರಮಟ್ಟಿಗೆ ಹೊಕ್ಕಿತ್ತು.

ಮಾರುತಿ ಈ ಲೋಕಕ್ಕೆ ಬೇರೊಂದು ಪದ್ಧತಿಯನ್ನು ತಂದಿತು. ಇಷ್ಟು ಕಿಲೋಮೀಟರಿಗೆ ಎಣ್ಣೆ ಬದಲಿಸಬೇಕು, ಇಷ್ಟಕ್ಕೆ ಟೈಮಿಂಗ್ ಬೆಲ್ಟ್ ಎಂದು ಪುಸ್ತಕವೇ ಹೇಳುತ್ತಿತ್ತು. ಕಂಪನಿಯ ಅಧಿಕೃತ ವರ್ಕ್‌ಶಾಪಿನಲ್ಲಿ ಕೆಟ್ಟ ಭಾಗವನ್ನು ರಿಪೇರಿ ಮಾಡುವ ಗೋಜಿಗೆ ಹೋಗದೆ ಬಿಚ್ಚಿ ಹೊಸದು ಹಾಕುವುದೇ ರೂಢಿಯಾಯಿತು. ಅಂಬಾಸಡರಿಗೆ ಬೇಕಿದ್ದದ್ದು ಇಂಚಿನ ಅಳತೆಯ ಸ್ಪ್ಯಾನರ್. ಇದಕ್ಕೆ ಹತ್ತು, ಹನ್ನೆರಡು, ಹದಿನಾಲ್ಕು ಎಂಬ ಮಿಲಿಮೀಟರ್ ಲೆಕ್ಕ. ಎಂಜಿನ್ ಅಡ್ಡಲಾಗಿ ಕೂತಿತ್ತು, ಓಡುತ್ತಿದ್ದದ್ದು ಮುಂದಿನ ಚಕ್ರ. ಬೀದಿಬದಿಯ ಮೇಸ್ತ್ರಿಗಳು ಇದನ್ನು ಮುಟ್ಟಲು ಮೊದಮೊದಲು ಹಿಂಜರಿದರೆ ಆಶ್ಚರ್ಯವಿಲ್ಲ.

ಆದರೆ ಕಾರಿಗೂ ವಯಸ್ಸಾಗುತ್ತದಲ್ಲ! ಮೊದಲ ಒಡೆಯ ಅದನ್ನು ಮಾರಿ ದೊಡ್ಡ ಕಾರು ಕೊಳ್ಳುತ್ತಾನೆ. ಎರಡನೆಯವನಿಗೆ, ಮೂರನೆಯವನಿಗೆ ಕಂಪನಿಯ ವರ್ಕ್‌ಶಾಪಿನ ಬಿಲ್ಲು ಭಾರ. ಹೀಗೆ ಮಾರುತಿ ಕಡೆಗೂ ಮರದಡಿಯ ಗ್ಯಾರೇಜಿಗೆ ಇಳಿದು ಬಂತು. ಅಂಬಾಸಡರ್ ಕಾಲದ ಕೈಚಳಕ ಇಲ್ಲಿ ಹೊಸ ಕಾರಿಗೆ ಒಗ್ಗಿಕೊಂಡಿತು. ಕೆಲವು ಕೆಟ್ಟ ಅಭ್ಯಾಸಗಳೂ ಜೊತೆಗೇ ಬಂದವು.

ರೇಡಿಯೇಟರಿನ ವಿಷಯವನ್ನೇ ತೆಗೆದುಕೊಳ್ಳಿ. ಹಳೆಯ ಕಾರುಗಳಿಗೆ ಬೆಳಿಗ್ಗೆ ಮುಚ್ಚಳ ತೆಗೆದು ನಲ್ಲಿ ನೀರು ಸುರಿದರೆ ಆಯಿತು. ಮಾರುತಿಯ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು. ಕೂಲೆಂಟ್ ಬಿಟ್ಟು ಬರೀ ಗಡಸು ನೀರು ಹಾಕಿದರೆ ಒಳದಾರಿಗಳಲ್ಲಿ ಸುಣ್ಣ, ತುಕ್ಕು ಕಟ್ಟುತ್ತದೆ. ಎಂಜಿನ್ ಕಾದು ಹೆಡ್ ಸೊಟ್ಟಗಾಗುತ್ತದೆ. ಗ್ಯಾಸ್ಕೆಟ್ ಸುಟ್ಟು ನೀರೂ ಎಣ್ಣೆಯೂ ಬೆರೆಯುತ್ತವೆ. ಡಿಪ್‌ಸ್ಟಿಕ್ ಎಳೆದಾಗ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಇದೇ ಕಾಯಿಲೆ. ಕಾಯುವುದು ತಪ್ಪಲಿ ಎಂದು ಅನೇಕ ಗ್ಯಾರೇಜುಗಳು ಥರ್ಮೋಸ್ಟಾಟನ್ನೇ ಕಿತ್ತು ಎಸೆದವು. ಆಗ ಎಂಜಿನ್ ಬೇಕಾದ ಬಿಸಿಗೆ ಬರಲು ಹೆಚ್ಚು ಹೊತ್ತು ಹಿಡಿಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಜ್ವರ ಬಂದವನ ಥರ್ಮಾಮೀಟರ್ ಒಡೆದು ಹಾಕಿದಂತಹ ಚಿಕಿತ್ಸೆ ಇದು.

ಉಳಿದಂತೆ ಹಳೆಯ 800ರ ರೋಗಗಳು ಹೆಚ್ಚಿನವು ಸರಳ. ಪಾಯಿಂಟ್ ಸವೆದರೆ ಫಿಲ್ಲರ್ ಗೇಜ್ ಇಟ್ಟು ಅಂತರ ಸರಿಪಡಿಸಬೇಕು. ಕಾರ್ಬುರೇಟರಿನ ಜೆಟ್ಟಿಗೆ ಕಸ ಕೂತರೆ ಬಿಚ್ಚಿ ಗಾಳಿ ಹೊಡೆಯಬೇಕು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರದ ಕಡೆಯಿಂದ ಕಟಕಟ ಸದ್ದು ಬಂದರೆ ಆಕ್ಸಲ್ ಕೀಲಿನ ರಬ್ಬರ್ ಬೂಟು ಹರಿದು, ಗ್ರೀಸ್ ಹೋಗಿ, ಮಣ್ಣು ಸೇರಿದೆ ಎಂದರ್ಥ. ಬೂಟು ಹರಿದ ಕೂಡಲೇ ಬದಲಿಸಿದ್ದರೆ ಅಲ್ಪ ಖರ್ಚಿನಲ್ಲಿ ಮುಗಿಯುವ ಕೆಲಸ ತಡಮಾಡಿದರೆ ಆಕ್ಸಲ್ಲನ್ನೇ ನುಂಗುತ್ತದೆ. ಅನುಭವಿ ಮೇಸ್ತ್ರಿ ಇವನ್ನೆಲ್ಲ ಕಿವಿಯಿಂದಲೇ ಕಂಡುಹಿಡಿಯುತ್ತಾನೆ.

ವಿಚಿತ್ರವೆಂದರೆ, 2000ರ ಸುಮಾರಿಗೆ ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ, ಅಂದರೆ ಕಂಪ್ಯೂಟರ್ ಹತೋಟಿಯ ಇಂಧನ ಪದ್ಧತಿ ಬಂದ ಮೇಲಿನ ಮಾರುತಿಗಳನ್ನು ರಿಪೇರಿ ಮಾಡುವುದೇ ಕೆಲವು ಸಲ ಹೆಚ್ಚು ಕಷ್ಟ. ಅವು ಕಡಿಮೆ ಹೊಗೆ ಉಗುಳುತ್ತವೆ, ಚಳಿಯಲ್ಲಿ ಒಂದೇ ಸೆಲ್ಫಿಗೆ ಏಳುತ್ತವೆ. ಆದರೆ ಸೆನ್ಸರ್ ಕೆಟ್ಟರೆ ಕಿವಿಗೆ ತಿಳಿಯುವುದಿಲ್ಲ, ಸ್ಕ್ಯಾನರ್ ಬೇಕು. ಕಂಪ್ಯೂಟರ್ ಪೆಟ್ಟಿಗೆಯೇ ಹೋದರೆ ಗುಜರಿಯಲ್ಲಿ ಇನ್ನೊಂದು ಕಾರಿನದನ್ನು ಹುಡುಕಬೇಕು.

ಗುಜರಿಯ ಮಾತು ಬಂತು. ಮಾರುತಿ 800ರ ತಯಾರಿಕೆ 2014ರ ಜನವರಿ 18ಕ್ಕೆ ನಿಂತಿತು. ಅಷ್ಟರಲ್ಲಿ ದೇಶದೊಳಗೇ 25 ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾಗಿದ್ದವು. ಆದರೂ ಎಂಜಿನ್ನಿನ ಸಾಮಾನಿಗೆ ಬರ ಬರಲಿಲ್ಲ. 1984ರಲ್ಲಿ ಬಂದ ಓಮ್ನಿ ವ್ಯಾನಿನಲ್ಲೂ ಇದೇ 796 ಸಿಸಿ ಎಂಜಿನ್. ಅದು 2019ರವರೆಗೆ ತಯಾರಾಯಿತು. ಹಾಗಾಗಿ ಪಿಸ್ಟನ್, ರಿಂಗು, ಗ್ಯಾಸ್ಕೆಟ್‌ಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿ ಕೇಳಿ ತರಬಹುದು. ಸಿಗದೆ ಕಾಡುವುದು ಬಾಗಿಲಿನ ರಬ್ಬರ್, ಕಿಟಕಿಯ ಬೀಡಿಂಗ್, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್, ಒಳಗಿನ ಹಿಡಿಕೆ ಮುಂತಾದ ಚಿಲ್ಲರೆ ವಸ್ತುಗಳು.

ಆದರೆ ಮಾರುತಿಯನ್ನು ಕೊಲ್ಲುವುದು ಎಂಜಿನ್ನೂ ಅಲ್ಲ, ಬಿಡಿಭಾಗವೂ ಅಲ್ಲ. ತುಕ್ಕು. ಕಾರು ಹಗುರವಾಗಿರಲೆಂದು ಬಳಸಿದ್ದು ತೆಳು ತಗಡು. ಬಾಗಿಲಿನ ರಬ್ಬರ್ ಒಣಗಿ ಮಳೆನೀರು ಒಳಗೆ ಬರುತ್ತದೆ, ಮ್ಯಾಟಿನ ಕೆಳಗೆ ನಿಲ್ಲುತ್ತದೆ, ನೆಲ ಸದ್ದಿಲ್ಲದೆ ಕೊಳೆಯುತ್ತದೆ. ಬ್ಯಾಟರಿ ಕೂರುವ ತಟ್ಟೆಯನ್ನು ಆಸಿಡ್ ತಿನ್ನುತ್ತದೆ. ಉಪ್ಪು ಗಾಳಿಯೂ ಜಡಿಮಳೆಯೂ ಇರುವ ಕರಾವಳಿಯಲ್ಲಿ ಇದು ಇನ್ನೂ ಬೇಗ. ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ, ಮೈಯೇ ಬೆನ್ನೆಲುಬು. ಮುಂದಿನ ಶಾಕ್ ಅಬ್ಸಾರ್ಬರ್ ಮೇಲ್ತುದಿ ಕೂರುವ ಜಾಗದಲ್ಲಿ ತಗಡು ಕೊಳೆತರೆ ಅದು ಅಂದಚಂದದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಒಳ್ಳೆಯ ಟಿಂಕರ್ ಕೊಳೆತ ಭಾಗವನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಹೊಸ ತಗಡು ಬೆಸೆದು, ಪ್ರೈಮರ್ ಹೊಡೆಯುತ್ತಾನೆ. ಅವಸರದವನು ತುಕ್ಕಿನ ಮೇಲೇ ಪುಟ್ಟಿ ಮೆತ್ತಿ ಬಣ್ಣ ಬಳಿಯುತ್ತಾನೆ. ಅಯಸ್ಕಾಂತದ ತುಂಡೊಂದನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳಗೆ ಆಡಿಸಿದರೆ ಸಾಕು, ದಪ್ಪ ಪುಟ್ಟಿ ಇರುವೆಡೆ ಅದು ಹಿಡಿಯುವುದಿಲ್ಲ.

ಇತ್ತೀಚೆಗೆ ಇನ್ನೊಂದು ಚಿಂತೆ ಸೇರಿದೆ. ಈಗ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಎಂಬತ್ತು-ತೊಂಬತ್ತರ ದಶಕದ ರಬ್ಬರ್ ಕೊಳವೆಗಳನ್ನು ಇದಕ್ಕೆಂದು ಮಾಡಿದ್ದಲ್ಲ. ಎಥೆನಾಲ್ ನೀರನ್ನೂ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನ ಟ್ಯಾಂಕು, ಕಾರ್ಬುರೇಟರುಗಳಿಗೆ ಇದು ಒಳ್ಳೆಯದಲ್ಲ. ಹಳೆಯ ಪೆಟ್ರೋಲ್ ಪೈಪುಗಳನ್ನು ಬದಲಿಸಿಕೊಳ್ಳುವುದು ಈಗ ಜಾಣತನ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಕಾರೇ ಹೋದೀತು.

ಇಷ್ಟೆಲ್ಲ ಮಾಡಿದರೂ ಕಾನೂನು ನೋಡುವುದು ಮೊದಲು ವಯಸ್ಸನ್ನು. ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯುಷ್ಯ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಜನರ ಬಾಯಲ್ಲಿ ಇದು ‘ಎಫ್‌ಸಿ ಮಾಡಿಸುವುದು’. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000ಕ್ಕೆ ಏರಿತು. ಹೊಸ ಹೊಗೆ ನಿಯಮದಿಂದಾಗಿ ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ 800ರ ಮಾರಾಟ 2010ರ ಏಪ್ರಿಲ್‌ನಲ್ಲೇ ನಿಂತಿತ್ತು. ಎಂದರೆ ರಾಜಧಾನಿಯಲ್ಲಿ ಹೊಸದಾಗಿ ಮಾರಾಟವಾದ ಕೊನೆಯ 800ಕ್ಕೂ ಈಗ 15 ತುಂಬಿದೆ.

ಹಳೆಯ ಕಾರ್ಬುರೇಟರ್ ಕಾರು ಹೊಸದಕ್ಕಿಂತ ಹೆಚ್ಚು ಹೊಗೆ ಉಗುಳುತ್ತದೆ, ಅಪಘಾತದಲ್ಲಿ ಕಾಪಾಡುವುದೂ ಕಡಿಮೆ. ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ವಾರಕ್ಕೊಮ್ಮೆ ತರಕಾರಿ ಪೇಟೆಗೆ ಹೋಗಿ ಬರುವ, ಚೆನ್ನಾಗಿ ಟ್ಯೂನ್ ಮಾಡಿದ ಕಾರನ್ನೂ ಹೊಗೆಗೂಡಿನಂತಹ ಕಾರನ್ನೂ ಹುಟ್ಟಿದ ದಿನಾಂಕದಿಂದ ಮಾತ್ರ ಅಳೆಯುವುದು ಸೋಮಾರಿ ಲೆಕ್ಕವೆಂದೇ ಹೇಳಬೇಕಾಗುತ್ತದೆ. ಶುಲ್ಕ ಏರಿಸಿದಷ್ಟು ಉತ್ಸಾಹದಿಂದ ತಪಾಸಣೆಯನ್ನೂ ಬಿಗಿಗೊಳಿಸಿದರೆ ಕೊಳೆತ ಕಾರುಗಳು ತಾವಾಗಿಯೇ ರಸ್ತೆ ಬಿಡುತ್ತವೆ.

ದೆಹಲಿಯಲ್ಲಿ ನಿಯಮ ಇನ್ನೂ ಕಠಿಣ. 15 ವರ್ಷ ದಾಟಿದ ಪೆಟ್ರೋಲ್ ವಾಹನಗಳು ಅಲ್ಲಿ ಓಡಬಾರದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಆದೇಶಿಸಿತು. 2025ರಲ್ಲಿ ವಿಷಯ ಮತ್ತೆ ನ್ಯಾಯಾಲಯದ ಮುಂದೆ ಬಂತು. ಡಿಐಎ 6479 ಇದ್ದದ್ದೂ ಅದೇ ಊರಿನಲ್ಲಿ. ಅದರ ಒಡೆಯರು 2010ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಮಾರಲಿಲ್ಲ. ಆಮೇಲೆ ಅದು ಮನೆಯ ಹೊರಗೆ ಬಿಸಿಲು ಮಳೆಗೆ ತುಕ್ಕು ಹಿಡಿಯುತ್ತಾ ನಿಂತಿತ್ತು. ಕಡೆಗೆ ಕಂಪನಿಯೇ ಅದನ್ನು ಒಯ್ದು, ದುರಸ್ತಿ ಮಾಡಿಸಿ, ಬಿಳಿ ಬಣ್ಣ ಹೊಡೆಸಿ ತನ್ನ ಮುಖ್ಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತು.