ಕಲಿಸುವವರ ಕಲಿಕೆ: ಹೋಶಂಗಾಬಾದಿನ ಮಣ್ಣು, ನೀರು ಮತ್ತು ಶಾಲಾ ಶಿಕ್ಷಕರು

ಸ್ವಾತಂತ್ರ್ಯೋತ್ತರ ಭಾರತದ ಶಿಕ್ಷಣದ ಇತಿಹಾಸವನ್ನು ಬರೆದವರು ಆಯೋಗಗಳ ವರದಿಗಳಿಗೂ ಪಠ್ಯಪುಸ್ತಕಗಳ ವಿವಾದಗಳಿಗೂ ಕೊಟ್ಟಷ್ಟು ಗಮನವನ್ನು ಶಿಕ್ಷಕರ ತರಬೇತಿಗೆ ಕೊಟ್ಟಂತೆ ಕಾಣುವುದಿಲ್ಲ. ‘ತರಬೇತಿ’ ಎಂಬ ಪದದ ಚರಿತ್ರೆಯೂ ಇಲ್ಲಿ ಸ್ಮರಣೀಯ. ಅರಬ್ಬೀ ಮೂಲದ ‘ತರ್ಬಿಯತ್’ ಎಂಬುದಕ್ಕೆ ಸಾಕಿ ಬೆಳೆಸುವುದು ಎಂಬ ಅರ್ಥವಿದೆ. ಕನ್ನಡಕ್ಕೆ ಬಂದು ನೆಲೆಸಿದ ಮೇಲೆ ಅದಕ್ಕೆ ಕವಾಯತಿನ ಛಾಯೆ ಅಂಟಿಕೊಂಡಿತು. ಈ ಎರಡು ಅರ್ಥಗಳ ನಡುವಣ ತಿಕ್ಕಾಟವನ್ನು ಸ್ಪಷ್ಟವಾಗಿ ಕಾಣಬೇಕಾದರೆ ನರ್ಮದೆಯ ದಡದ ಹೋಶಂಗಾಬಾದ್ ಜಿಲ್ಲೆಯ ಕಡೆಗೆ ನೋಡಬೇಕು. (2022ರಿಂದ ಆ ಊರಿಗೆ ನರ್ಮದಾಪುರಂ ಎಂಬ ಹೆಸರಿದೆ, ಚರಿತ್ರೆಯ ದೃಷ್ಟಿಯಿಂದ ಹಳೆಯ ಹೆಸರನ್ನೇ ಇಲ್ಲಿ ಬಳಸಿದೆ.)

1972ರಲ್ಲಿ ಕಿಶೋರ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬೆರಡು ಸ್ವಯಂಸೇವಾ ಸಂಸ್ಥೆಗಳು ಮಧ್ಯಪ್ರದೇಶ ಸರ್ಕಾರದ ಅನುಮತಿ ಪಡೆದು, ಆ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಪ್ರಯೋಗಾಧಾರಿತ ವಿಜ್ಞಾನ ಬೋಧನೆಯನ್ನು ಆರಂಭಿಸಿದವು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರೂ ಅದಕ್ಕೆ ಬೆನ್ನೆಲುಬಾಗಿ ನಿಂತರು. 1978ರಲ್ಲಿ ಕಾರ್ಯಕ್ರಮವು ಇಡೀ ಜಿಲ್ಲೆಗೆ ವ್ಯಾಪಿಸಿತು; 1982ರಲ್ಲಿ ಅದರ ಹೊಣೆ ಹೊರಲು ‘ಏಕಲವ್ಯ’ ಸಂಸ್ಥೆ ಸ್ಥಾಪಿತವಾಯಿತು. ಇವೆಲ್ಲ ಬಲ್ಲವರಿಗೆ ತಿಳಿದ ಸಂಗತಿಗಳೇ. ಆದರೆ ಈ ಪ್ರಯೋಗದ ಹೆಸರೆತ್ತಿದೊಡನೆ ನೆನಪಾಗುವುದು ಅದರ ‘ಬಾಲ ವೈಜ್ಞಾನಿಕ’ ಪುಸ್ತಕಗಳು ಮತ್ತು ಅಗ್ಗದ ಪ್ರಯೋಗ ಸಾಮಗ್ರಿ. ಅದರ ನಿಜವಾದ ನಿರ್ಮಾಣವು ಇವುಗಳಾಚೆಗೆ ಇತ್ತೆಂಬುದು ನನ್ನ ಅಭಿಪ್ರಾಯ: ಅದು ನಿರ್ಮಿಸಿದ್ದು ಒಂದು ಬಗೆಯ ಶಿಕ್ಷಕನನ್ನು.

ಆರು, ಏಳು ಮತ್ತು ಎಂಟನೆಯ ತರಗತಿಗಳಲ್ಲಿ ಒಂದೊಂದಕ್ಕೆ ಒಂದರಂತೆ, ಶಿಕ್ಷಕರು ಮೂರು ಬೇಸಗೆಗಳಲ್ಲಿ ಮೂರು ಮೂರು ವಾರಗಳ ಶಿಬಿರಕ್ಕೆ ಬರಬೇಕಾಗಿತ್ತು. ಅಲ್ಲಿ ಅವರಿಗೆ ‘ಹೀಗೆ ಕಲಿಸಿರಿ’ ಎಂಬ ಉಪನ್ಯಾಸಗಳಿರಲಿಲ್ಲ. ಮಕ್ಕಳು ಮಾಡಬೇಕಾದ ಪ್ರಯೋಗಗಳನ್ನು ಶಿಕ್ಷಕರು ತಾವೇ, ಮಕ್ಕಳಂತೆಯೇ ಗುಂಪುಗಳಲ್ಲಿ ಕುಳಿತು ಮಾಡಿ, ಅಳತೆಗಳನ್ನು ಬರೆದುಕೊಂಡು, ಉತ್ತರಗಳು ಹೊಂದದಿದ್ದಾಗ ವಾದಿಸಬೇಕಾಗಿತ್ತು. ವರ್ಷಗಟ್ಟಲೆ ‘ಬರೆದುಕೊಳ್ಳಿ’ ಎಂದು ಆಜ್ಞಾಪಿಸಿ ರೂಢಿಯಾದವರಿಗೆ ಇದು ಸುಲಭದ ಮಾತಲ್ಲ.

ನೀರಿನ ಗಡಸುತನದ ಪಾಠವನ್ನೇ ನೋಡಬಹುದು. ಬಾವಿಯ ನೀರು, ಹೊಳೆಯ ನೀರು, ಮಳೆಯ ನೀರುಗಳನ್ನು ಸಮಪ್ರಮಾಣದಲ್ಲಿ ಪ್ರನಾಳಗಳಿಗೆ ತುಂಬಿ, ಸಾಬೂನಿನ ದ್ರಾವಣವನ್ನು ಹನಿಹನಿಯಾಗಿ ಬೆರೆಸಿ, ಪ್ರತಿ ಬಾರಿಯೂ ಕುಲುಕುತ್ತ, ಎಷ್ಟನೆಯ ಹನಿಗೆ ನೊರೆ ನಿಲ್ಲುವುದೆಂದು ಎಣಿಸಿದರಾಯಿತು. ಹೆಚ್ಚು ಹನಿ ಬೇಡುವ ನೀರು ಗಡಸು. ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಲವಣಗಳು ಸಾಬೂನಿನೊಡನೆ ಸೇರಿ ಕರಗದ ಚರಟವಾಗುತ್ತವೆ. ಅವೆಲ್ಲ ಮುಗಿದ ಮೇಲಷ್ಟೆ ನೊರೆ ನಿಲ್ಲುತ್ತದೆ. ಊರ ಬಾವಿಯ ನೀರಿನಲ್ಲಿ ಬೇಳೆ ಏಕೆ ಬೇಯುವುದಿಲ್ಲ, ಬಟ್ಟೆಗೆ ಸಾಬೂನು ಏಕೆ ಹೆಚ್ಚು ಬೇಕು ಎಂಬ ಪ್ರಶ್ನೆಗಳು ಇಲ್ಲಿ ತಾವಾಗಿಯೇ ಏಳುತ್ತವೆ. ಎರಡು ಗುಂಪುಗಳ ಎಣಿಕೆ ಬೇರೆಯಾದಾಗ ಯಾವುದು ಸರಿಯೆಂದು ಪುಸ್ತಕ ಹೇಳುವುದಿಲ್ಲ. ಹನಿಯ ಗಾತ್ರ ಒಂದೇ ಆಗಿತ್ತೆ, ಕುಲುಕಿದ ಹೊತ್ತು ಒಂದೇ ಆಗಿತ್ತೆ ಎಂದು ವಿಚಾರಿಸಬೇಕಾದವನು ಶಿಕ್ಷಕ. ತಾನೇ ಒಮ್ಮೆ ತಪ್ಪಿ ಎಣಿಸಿದವನಿಗೆ ಮಾತ್ರ ಆ ವಿಚಾರಣೆ ಬರುತ್ತದೆ.

ಈ ನೆಲದಲ್ಲಿ ಮಣ್ಣು-ನೀರಿನ ಪಾಠಕ್ಕೆ ಇನ್ನೊಂದು ತೂಕವೂ ಇತ್ತು. ನರ್ಮದೆಯ ಉಪನದಿಯಾದ ತವಾಕ್ಕೆ ಕಟ್ಟಿದ ಅಣೆಕಟ್ಟಿನ ಕಾಲುವೆಗಳು 1970ರ ದಶಕದಲ್ಲಿ ಹರಿಯತೊಡಗಿದಾಗ, ನೀರನ್ನು ಹಿಡಿದಿಟ್ಟುಕೊಳ್ಳುವ ಅಲ್ಲಿನ ಕರಿಮಣ್ಣಿನ ಹೊಲಗಳು ಜೌಗಾದವು. 1977ರಲ್ಲಿ ‘ಮಿಟ್ಟೀ ಬಚಾವೋ’ ಚಳವಳಿ ಎದ್ದದ್ದು ಇದೇ ಜಿಲ್ಲೆಯಲ್ಲಿ. ಮಧ್ಯಕಾಲೀನ ಸಾಹಿತ್ಯ-ಶಾಸನಗಳನ್ನು ಓದಿದವನಾದ ನನಗೆ ಇಲ್ಲಿ ಪೋರುಮಾಮಿಳ್ಳದ ಕೆರೆಯ ಶಾಸನ ನೆನಪಾಗದಿರದು. ವಿಜಯನಗರದ ಕಾಲದ, 1369ರ ಈ ಸಂಸ್ಕೃತ ಶಾಸನವು ಇಂದಿನ ಆಂಧ್ರದ ಕಡಪ ಸೀಮೆಯದು. ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಅದು ಹೇಳುತ್ತದೆ. ನೀರು ಹೆಚ್ಚಾಗಿ ನೆಲ ಕಡಿಮೆಯಾಗುವುದು ಆ ದೋಷಗಳಲ್ಲೊಂದು. ಚೌಳು ನೆಲ ಮತ್ತೊಂದು. ಅಂಗಗಳ ಪಟ್ಟಿಯಲ್ಲಿ ಅರಸನ ಜೊತೆಗೆ ಜಲಶಾಸ್ತ್ರ ಬಲ್ಲವನಿಗೂ ಕಟ್ಟುವ ಕೆಲಸದಲ್ಲಿ ನುರಿತ ಜನರಿಗೂ ಸ್ಥಾನವಿದೆ. ತವಾ ಪ್ರದೇಶದ ಅನುಭವಕ್ಕೂ ಶಾಸನಕ್ಕೂ ಆರು ಶತಮಾನಗಳ ಅಂತರವಿದೆ. ಎರಡರ ನಡುವೆ ನೇರ ಸಂಬಂಧವನ್ನು ಕಲ್ಪಿಸುವುದು ಸಲ್ಲದು. ಆದರೆ ನೆಲವನ್ನು ಅರಿಯದೆ ನೀರನ್ನು ತರಬಾರದೆಂಬ ತಿಳಿವಳಿಕೆ ಹಿಂದೆ ಕಲ್ಲಿನ ಮೇಲೆ ಬರೆದಿಡುವಷ್ಟು ಮುಖ್ಯವಾಗಿತ್ತು ಎಂಬುದು ನಿಜ.

ಶಿಬಿರ ಮುಗಿದೊಡನೆ ಶಿಕ್ಷಕನನ್ನು ಕೈಬಿಡಲಿಲ್ಲ ಎಂಬುದು ಈ ಕಾರ್ಯಕ್ರಮದ ವಿಶೇಷ. ತಿಂಗಳಿಗೊಮ್ಮೆ ಗೋಷ್ಠಿ ಇರುತ್ತಿತ್ತು. ‘ಹೋಶಂಗಾಬಾದ್ ವಿಜ್ಞಾನ್’ ಎಂಬ ಪತ್ರಿಕೆಯೂ ಇತ್ತು. ಮಕ್ಕಳು ‘ಸವಾಲೀರಾಮ’ನೆಂಬ ಕಲ್ಪಿತ ವ್ಯಕ್ತಿಗೆ ಪ್ರಶ್ನೆಗಳನ್ನು ಬರೆಯುತ್ತಿದ್ದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಬಹುದಾಗಿತ್ತು, ಪ್ರಯೋಗಕ್ಕೂ ಅಂಕವಿತ್ತು. ಕ್ರಮೇಣ ಶಿಕ್ಷಕರೇ ಇತರ ಶಿಕ್ಷಕರ ಶಿಬಿರಗಳನ್ನು ನಡೆಸತೊಡಗಿದರು. ಸಾಮಗ್ರಿಯ ವಿಷಯದಲ್ಲೂ ಇದೇ ಧೋರಣೆ: ಹೂವನ್ನು ಬಿಡಿಸಲು ಉಕ್ಕಿನ ಸೂಜಿಯ ಬದಲು ಜಾಲಿಯ ಮುಳ್ಳು. ಪುಣೆಯ ಓದುಗರಿಗೆ ಪರಿಚಿತರಾದ ಅರವಿಂದ ಗುಪ್ತ ಅವರು 1978ರಲ್ಲಿ ಇಲ್ಲಿಗೆ ಬಂದಾಗಲೇ ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ರೇಖಾಗಣಿತದ ಆಕೃತಿಗಳನ್ನು ಕಟ್ಟುವ ವಿಧಾನವನ್ನು ರೂಪಿಸಿದರು.

1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂ. ಸಿ. ಮೆಹ್ತಾ ಪ್ರಕರಣದಲ್ಲಿ ಪರಿಸರವನ್ನು ಕಡ್ಡಾಯ ಬೋಧನಾ ವಿಷಯವಾಗಿಸಲು ಸೂಚಿಸಿತು. ಆದೇಶದಿಂದ ವಿಷಯವನ್ನು ಸೇರಿಸಬಹುದು. ಬಾವಿಯ ನೀರನ್ನು ತರಗತಿಗೆ ತರುವ ಧೈರ್ಯವುಳ್ಳ ಶಿಕ್ಷಕನನ್ನು ಆದೇಶ ಸೃಷ್ಟಿಸಲಾರದು. ಅಂಥವರು ಇದ್ದ ಕಡೆಯಲ್ಲಾದರೂ ಅವರು ಉಳಿದರೆ? 2002ರ ಜುಲೈಯಲ್ಲಿ ರಾಜ್ಯ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ಆಗ ಅದು ಸುಮಾರು 15 ಜಿಲ್ಲೆಗಳ ಸುಮಾರು 1000 ಶಾಲೆಗಳಲ್ಲಿ ನಡೆಯುತ್ತಿತ್ತು. ಶಿಕ್ಷಕರ ಮತ್ತು ವಿಜ್ಞಾನಿಗಳ ಪ್ರತಿಭಟನೆ ಫಲಿಸಲಿಲ್ಲ. ಸಾಮಾನ್ಯ ಪಠ್ಯಪುಸ್ತಕ ಮರಳಿತು. ಮೂವತ್ತು ವರ್ಷಗಳಲ್ಲಿ ರೂಪುಗೊಂಡ ಶಿಕ್ಷಕ ಸಮುದಾಯ ಅಲ್ಲಿಗೆ ತನ್ನ ಶಾಲಾ ನೆಲೆಯನ್ನು ಕಳೆದುಕೊಂಡಿತು. ಏಕಲವ್ಯ ಸಂಸ್ಥೆ ಇತರ ರೂಪಗಳಲ್ಲಿ ಕೆಲಸ ಮುಂದುವರಿಸಿತು, ನಿಜ. ಆದರೆ ಸರ್ಕಾರಿ ಶಾಲೆಯೊಳಗೆ ನಿಂತು ಮಾಡಿದ ಕೆಲಸಕ್ಕೆ ಅದು ಪರ್ಯಾಯವಲ್ಲ.

ನಮ್ಮ ಪೀಠದ ವ್ಯಾಪ್ತಿಗೆ ಸಂಬಂಧಿಸಿದ ಒಂದು ಮಾತು ಉಳಿದಿದೆ. ಮುಂಬಯಿಯ ನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸಿಕೊಂಡು ಬಂದಿದೆ. ಅದೇ ನಗರದಲ್ಲಿ 1974ರಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಹುಟ್ಟಿತು. ಆ ಕಾಲದ ಕನ್ನಡ ಶಿಕ್ಷಕ-ಶಿಕ್ಷಕಿಯರು ಯಾವ ಶಿಬಿರಗಳಿಗೆ ಹೋದರು, ನೀರಿನ ಗಡಸುತನಕ್ಕೆ ತರಗತಿಯಲ್ಲಿ ಯಾವ ಕನ್ನಡ ಪದ ಬಳಸಿದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ದಾಖಲಿಸಬೇಕಾಗಿದೆ. ಆ ಪೀಳಿಗೆಯವರು ಈಗ ನಿವೃತ್ತರು, ವಯೋವೃದ್ಧರು. ನಮ್ಮ ಸಂಶೋಧನ ವಿದ್ಯಾರ್ಥಿಗಳು ಈ ಕೆಲಸವನ್ನು ತಡಮಾಡದೆ ಕೈಗೆತ್ತಿಕೊಳ್ಳಬೇಕು.